ಶಿಕ್ಷಕರ ಆತ್ಮಪರಿಚಯ

ಬೇಸಿಗೆಯ ಸೂಟಿ ಮುಗಿದು ಶಾಲೆಗಳ ಬಾಗಿಲು ತೆರೆಯುವ ಕಾಲಕ್ಕೆ ನಮ್ಮ ಶಿಕ್ಷಣ ಇಲಾಖೆಯವರು ಪ್ರತಿವರ್ಷವೂ ಅನೇಕ ಲೆಕ್ಕಗಳನ್ನು ತೆಗೆಯುತ್ತಾರೆ. ಹೊಸದಾಗಿ ಹೆಸರು ಹಚ್ಚಿದ ಮಕ್ಕಳೆಷ್ಟು, ಸೋರುವ ಕೋಣೆಗಳೆಷ್ಟು, ಪುಸ್ತಕಗಳು ಬಂದು ಮುಟ್ಟಿದ ಶಾಲೆಗಳೆಷ್ಟು, ಶಿಕ್ಷಕರಿಲ್ಲದೆ ಬರಿದಾಗಿ ಉಳಿದ ಹುದ್ದೆಗಳೆಷ್ಟು ಎಂಬ ಪಟ್ಟಿಗಳು ತಾಲೂಕಿನಿಂದ ಜಿಲ್ಹೆಗೂ ಜಿಲ್ಹೆಯಿಂದ ರಾಜಧಾನಿಗೂ ಹೋಗಿ ಸೇರುತ್ತವೆ. ಇವೆಲ್ಲ ಬೇಕಾದ ಲೆಕ್ಕಗಳೇ. ಇವನ್ನು ನಾವು ಹಗುರಾಗಿ ಎಣಿಸುವವರಲ್ಲ. ಆದರೆ ಯಾವ ಪಟ್ಟಿಯಲ್ಲಿಯೂ ಕಾಣದ ಲೆಕ್ಕವೊಂದು ಉಂಟು. ಶಾಲೆಯ ಹೊಸ್ತಿಲು ದಾಟಿದ ಮಗುವಿಗೆ ಇದು ತನ್ನ ಶಾಲೆ, ತಾನು ಇಲ್ಲಿಗೆ ಬೇಕಾದ ಕೂಸು ಎಂಬ ಭಾವನೆಯು ಹುಟ್ಟಿತೋ ಇಲ್ಲವೋ ಎಂಬದೇ ಆ ಲೆಕ್ಕವು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮನಸ್ಸಿನಲ್ಲಿ ಪರಕೀಯವಾಗಿಯೇ ಉಳಿದ ಮಗುವು ಇಂದಲ್ಲ ನಾಳೆ ಶಾಲೆಯನ್ನು ಬಿಡುವದು. ಬಿಡದೆ ಉಳಿದರೂ ಮೂಲೆಯಲ್ಲಿ ಮೌನವಾಗಿ ಕುಳಿತು ವರ್ಷಗಳನ್ನು ಕಳೆಯುವದು. ಅದರ ಮೌನವನ್ನು ನಾವು ದಡ್ಡತನವೆಂದು ಬರೆದುಕೊಳ್ಳುವೆವು.

ಈ ಲೆಕ್ಕವನ್ನು ಸರಿಪಡಿಸುವ ಶಕ್ತಿಯು ಮಂತ್ರಿಗಳ ಕೈಯಲ್ಲಿಯೂ ಇಲ್ಲ, ಕಮಿಶನರರ ಕೈಯಲ್ಲಿಯೂ ಇಲ್ಲ. ಅದು ತರಗತಿಯ ಶಿಕ್ಷಕರ ಕೈಯಲ್ಲಿದೆ. ಮಗುವನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವ ಸಾಲಿನಲ್ಲಿ ಕುಳ್ಳಿರಿಸಬೇಕು, ಅದರ ತಪ್ಪು ಉಚ್ಚಾರಕ್ಕೆ ನಗಬೇಕೋ ತಿದ್ದಬೇಕೋ ಎಂಬದನ್ನು ದಿನಕ್ಕೆ ನೂರು ಸಲ ನಿರ್ಣಯಿಸುವವರು ಅವರೇ. ಈ ನಿರ್ಣಯಗಳು ಯಾವ ಸುತ್ತೋಲೆಯಿಂದಲೂ ಬರುವದಿಲ್ಲ. ಶಿಕ್ಷಕರ ಒಳಗಿನಿಂದಲೇ ಬರುತ್ತವೆ. ಆದುದರಿಂದ ನಮ್ಮ ಮಾತು ಇಷ್ಟೇ: ಮಗುವಿಗೆ 'ನೀನು ನಮ್ಮವನು' ಎಂಬ ಭರವಸೆಯನ್ನು ಕೊಡಬೇಕಾದ ಶಿಕ್ಷಕನು ಮೊದಲು 'ನಾನು ಯಾರು, ಎಲ್ಲಿಂದ ಬಂದೆನು, ಏನನ್ನು ಹೊತ್ತುಕೊಂಡು ಈ ಕೋಣೆಯೊಳಗೆ ಕಾಲಿಟ್ಟೆನು' ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಇದು ವೇದಾಂತಿಗಳ ಪ್ರಶ್ನೆಯಲ್ಲ; ಕಪ್ಪು ಹಲಗೆಯ ಮುಂದೆ ನಿಂತವರ ಪ್ರಶ್ನೆ. ಮನೆಯ ಮಾತು, ಜಾತಿ, ಮತ, ಹುಟ್ಟಿದ ಊರು, ತಾನು ಕಲಿತ ಶಾಲೆ, ಅಲ್ಲಿ ತಿಂದ ಪೆಟ್ಟು, ಹಿರಿಯರ ಬಾಯಿಂದ ಕೇಳಿದ ಕಥೆ ಇವೆಲ್ಲವೂ ಶಿಕ್ಷಕನ ಜೊತೆಗೇ ತರಗತಿಗೆ ಬರುತ್ತವೆ. ಅವುಗಳ ಪರಿಚಯವಿದ್ದವನು ಅವುಗಳಿಗೆ ಒಡೆಯನಾಗುವನು. ಪರಿಚಯವಿಲ್ಲದವನು ಅವುಗಳ ಆಳಾಗುವನು.

ಈ ಮಾತನ್ನು ಎತ್ತುವಾಗ ನಮ್ಮ ದೃಷ್ಟಿಯು ಬೀದರ ಜಿಲ್ಹೆಯ ಬಸವಕಲ್ಯಾಣ ಮತ್ತು ಹುಮನಾಬಾದಗಳ ಕಡೆಗೆ ಹೊರಳುವದು ಸಹಜವಾಗಿದೆ. 2018ರಲ್ಲಿ ಹುಲಸೂರು, ಚಿಟಗುಪ್ಪಗಳು ಪ್ರತ್ಯೇಕ ತಾಲೂಕುಗಳಾಗಿದ್ದರೂ ಈ ಸೀಮೆಯ ಬಾಳುವೆ ಒಂದೇ. ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾಗಳು; ಪೂರ್ವಕ್ಕೆ ತೆಲಂಗಾಣದ ಜಹೀರಾಬಾದು; ನಡುವೆ ಪುಣೆ-ಹೈದರಾಬಾದ ಹೆದ್ದಾರಿ. 1956ರ ನವೆಂಬರ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಹೆಯು ಮೂರು ಪಾಲಾಗಿ, ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಸೇರಿ, ಉಳಿದುದು ಮೈಸೂರು ರಾಜ್ಯಕ್ಕೆ ಬಂದಿತು. ಭೂಪಟದ ಮೇಲೆ ಗೆರೆ ಎಳೆಯುವದು ಸುಲಭ. ಮನೆಗಳ ನಡುವೆ ಎಳೆಯುವದು ಸುಲಭವಲ್ಲ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಬರುತ್ತವೆ. ಊರ ಹೊರಗಿನ ತಾಂಡಾದಲ್ಲಿ ಲಂಬಾಣಿಗರ ಗೋರ್‌ಬೋಲಿ. ಗಡಿಯ ಹಳ್ಳಿಗಳಲ್ಲಿ ತೆಲುಗು. ಆರು ವರ್ಷದ ಮಗುವೊಂದು ತಾಯಿಯೊಡನೆ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು ಮಾತು ಆಡಿ, ಶಾಲೆಗೆ ಬಂದು ಪುಸ್ತಕದ ಮೂರನೆಯ ಮಾತನ್ನು ಎದುರಿಸುವದು ಇಲ್ಲಿಯ ನಿತ್ಯದ ಸಂಗತಿ.

ಶಾಲೆಯ ಒಳಗಿನ ಮಾತುಗಳನ್ನೇ ನೋಡಿರಿ. ಹೆಸರು ಕೂಗುವ 'ಹಾಜರಿ'ಯು ಅರಬಸ್ಥಾನದಲ್ಲಿ ಹುಟ್ಟಿ ಪಾರಸಿ-ಉರ್ದುಗಳ ದಾರಿಯಿಂದ ಬಂದುದು. ಬರೆಯುವ 'ಖಡು'ವು ಮರಾಠಿಯ ಸಂಬಂಧಿ. ಕುಳ್ಳಿರುವ 'ಬೆಂಚು' ಇಂಗ್ಲಿಷಿನದು. 'ಪುಸ್ತಕ'ವು ಸಂಸ್ಕೃತದ್ದು. 'ಓದು', 'ಬರಹ'ಗಳು ಅಚ್ಚ ಕನ್ನಡದವು. ಇಷ್ಟು ಮನೆಗಳಿಂದ ಬಂದ ಮಾತುಗಳು ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಕೂಡಿರುವಾಗ, ಅಷ್ಟೇ ಮನೆಗಳಿಂದ ಬಂದ ಮಕ್ಕಳು ಕೂಡಿರಲಾಗದೆಂದು ಯಾರು ಹೇಳಿಯಾರು?

ಮಾತಿನ ವಿಷಯದಲ್ಲಿ ಈ ಸೀಮೆಯವರು ಪಟ್ಟ ಕಷ್ಟವು ಹೊಸದಲ್ಲ. 1948ರ ಸೆಪ್ಟೆಂಬರವರೆಗೆ ಇದು ನಿಜಾಮರ ಆಳಿಕೆಯ ನಾಡು. ಕಲ್ಯಾಣಿಯು ನವಾಬರ ಜಹಗೀರು. ಕಚೇರಿಯ ಮಾತು ಉರ್ದು, ಮೇಲಿನ ಶಿಕ್ಷಣದ ಮಾತು ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟ ಆ ಸಾಹಸವನ್ನು ಮೆಚ್ಚಬೇಕಾದದ್ದೇ ನಿಜ. ಆದರೆ ಆ ದೇಶಭಾಷೆಯು ಇಲ್ಲಿಯ ರೈತನ ಮಗನ ಮನೆಯ ಮಾತಾಗಿರಲಿಲ್ಲ. ಕನ್ನಡದ ಮಗುವು ತನ್ನ ನೆಲದಲ್ಲಿಯೇ ಪರದೇಶಿಯಾಗಿ ಕುಳಿತಿತು. ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಆ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ವೃತ್ತಾಂತವು ಈ ಜಿಲ್ಹೆಯಲ್ಲಿ ಮನೆಮಾತಾಗಿದೆ. ಆ ವೃತ್ತಾಂತವನ್ನು ನಾವು ಕನ್ನಡದ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ. ಆದರೆ ಅದರೊಳಗೆ ಶಿಕ್ಷಕರಿಗಾಗಿ ಇನ್ನೊಂದು ಪಾಠವೂ ಉಂಟು. ಮಗುವಿನ ಮನೆಯ ಮಾತಿಗೆ ಶಾಲೆಯಲ್ಲಿ ಮರ್ಯಾದೆ ಇಲ್ಲದಿದ್ದರೆ ಆ ಮಗುವಿಗೂ ಅಲ್ಲಿ ಮರ್ಯಾದೆ ಇಲ್ಲವೆಂಬದನ್ನು ಕನ್ನಡಿಗರು ಸ್ವಂತ ಅನುಭವದಿಂದ ಬಲ್ಲರು. ಬಲ್ಲವರಿಂದಲೇ ಆ ತಪ್ಪು ಬೇರೆಯವರ ಮಕ್ಕಳ ಮೇಲೆ ನಡೆಯಬಾರದು.

ಇಂದು ಕುರ್ಚಿಯು ಕನ್ನಡದ ಶಿಕ್ಷಕರದಾಗಿದೆ. ಅವರ ಎದುರಿಗೆ ಕುಳಿತ ತಾಂಡಾದ ಹುಡುಗಿಯು ಗೋರ್‌ಬೋಲಿಯಲ್ಲಿ ಯೋಚಿಸುತ್ತಾಳೆ. ಸುಗ್ಗಿಯ ಕಾಲಕ್ಕೆ ಅವಳ ತಂದೆತಾಯಿಗಳು ಕಬ್ಬು ಕಡಿಯಲಿಕ್ಕೆ ಮಹಾರಾಷ್ಟ್ರಕ್ಕೋ, ಕಟ್ಟಡದ ಕೂಲಿಗೆ ಹೈದರಾಬಾದಿಗೋ ಹೊರಟಾಗ ಅವಳೂ ಹೊರಡುತ್ತಾಳೆ. ತಿಂಗಳುಗಳ ಮೇಲೆ ಮರಳಿ ಬಂದಾಗ ಪಾಠವು ಮುಂದೆ ಹೋಗಿರುತ್ತದೆ. 'ಇವರು ಹೀಗೆಯೇ' ಎಂದು ಅಂದುಬಿಡುವದು ಸಂಬಳದ ಭದ್ರತೆಯಲ್ಲಿ ಬೆಳೆದ ಮನಸ್ಸಿಗೆ ಸುಲಭ. ಅದೇ ಶಿಕ್ಷಕನು ತನ್ನ ಅಜ್ಜನ ಕಾಲದ ಬರವನ್ನೂ, ತನ್ನ ಮನೆತನದಲ್ಲಿ ಮೊದಲು ಅಕ್ಷರ ಕಲಿತವರು ಯಾರೆಂಬದನ್ನೂ ಒಮ್ಮೆ ನೆನೆದುಕೊಂಡರೆ ಆ ಮಾತು ನಾಲಿಗೆಯ ತುದಿಯಲ್ಲಿಯೇ ನಿಂತುಹೋಗುವದು. ಬಹುಜನ ಶಿಕ್ಷಕರಿಗೆ ಓದು ಬಂದದ್ದು ಒಂದೆರಡು ತಲೆಮಾರುಗಳ ಹಿಂದೆಯಷ್ಟೇ. ಅದನ್ನು ಮರೆತವರು ಬಡವರ ಮಗುವನ್ನು ಹಳಿಯುವರು; ನೆನೆದವರು ಅದರ ಕೈ ಹಿಡಿಯುವರು.

ಕನ್ನಡದ ಮಕ್ಕಳ ಸ್ಥಿತಿಯೂ ನೆಟ್ಟಗಿಲ್ಲ. ಬೀದರ ಸೀಮೆಯ ಮಗುವು 'ಬರ್ಲತಾನ', 'ಮಾಡ್ಲತಾನ' ಎಂದೊಡನೆ 'ಇದೆಂಥ ಕನ್ನಡ' ಎಂದು ನಗುವ ಶಿಕ್ಷಕರುಂಟು. ಅವರೆಲ್ಲರೂ ದೂರದ ಜಿಲ್ಹೆಗಳಿಂದ ಬಂದವರೇ ಎಂದು ತಿಳಿಯಬಾರದು. ಇದೇ ಸೀಮೆಯಲ್ಲಿ ಹುಟ್ಟಿ, ತಾನೂ ಒಮ್ಮೆ ಇಂಥ ನಗೆಗೆ ಈಡಾಗಿ, ಪುಸ್ತಕದ ನುಡಿಯನ್ನು ಕಲಿತು, ತನ್ನ ತಾಯಿಯ ನುಡಿಗೆ ನಾಚಿಕೊಂಡವನು ಇನ್ನೂ ಗಟ್ಟಿಯಾಗಿ ನಗುತ್ತಾನೆ. ನಾಚಿಕೆಯು ಹೀಗೆ ಗುರುವಿನಿಂದ ಶಿಷ್ಯನಿಗೆ ಆಸ್ತಿಯಂತೆ ಇಳಿದುಬರುತ್ತದೆ. ಈ ಸರಪಳಿಯನ್ನು ಕಡಿಯುವ ಉಪಾಯವು ಒಂದೇ: ಆ ಶಿಕ್ಷಕನು ತನ್ನ ನಾಚಿಕೆಯನ್ನು ಗುರುತಿಸಬೇಕು. ಪುಸ್ತಕದ ಕನ್ನಡವನ್ನು ಕಲಿಸುವದು ಅವನ ಧರ್ಮ. ಮನೆಯ ಕನ್ನಡವನ್ನು ಅವಮಾನಿಸುವದು ಯಾರ ಧರ್ಮವೂ ಅಲ್ಲ. ಮನೆಯ ನುಡಿಯಲ್ಲಿ ಹೇಳಿದ ಉತ್ತರವನ್ನು ಮೊದಲು ಸರಿಯೆಂದು ಒಪ್ಪಿ, ಆಮೇಲೆ ಅದೇ ಉತ್ತರವನ್ನು ಪುಸ್ತಕದ ನುಡಿಯಲ್ಲಿ ಹೇಗೆ ಬರೆಯಬೇಕೆಂದು ತೋರಿಸಿದರೆ ಎರಡೂ ಉಳಿಯುತ್ತವೆ.

ಆತ್ಮಪರಿಚಯದಿಂದ ಏನು ಸಾಧ್ಯವಾಗುವದೆಂಬದಕ್ಕೆ ನಿದರ್ಶನವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಯ ಕನ್ನಡವನ್ನು ಬೆಳೆದ ಮೇಲೆ ಸ್ವಂತ ಪ್ರಯತ್ನದಿಂದ ಓದಿ ಬರೆದು ಅದರಲ್ಲಿಯೇ ಸಿದ್ಧರಾಮನ ಪುರಾಣವನ್ನು ರಚಿಸಿದರು. 1974ರಲ್ಲಿ ಮಂಡ್ಯದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮೊದಲ ಮಹಿಳೆ ಅವರೇ. ಬಾಳಿನ ಕಡೆಯ ಭಾಗವನ್ನು ಅವರು ಬಸವಕಲ್ಯಾಣದಲ್ಲಿ ಕಳೆದರು. ನಾವು ಗಮನಿಸಬೇಕಾದದ್ದೇನೆಂದರೆ, ತನ್ನ ಕನ್ನಡವನ್ನು ಕಂಡುಕೊಂಡ ಈ ತಾಯಿಯು ಮರಾಠಿಯನ್ನು ದೂರ ತಳ್ಳಲಿಲ್ಲ. ವಚನಗಳನ್ನು ಮರಾಠಿಗರಿಗೂ ಮುಟ್ಟಿಸಿದರು. ತಾನು ಯಾರೆಂದು ಬಲ್ಲವರಿಗೆ ಇನ್ನೊಬ್ಬರ ಭಯವಿರುವದಿಲ್ಲ.

ಇನ್ನು ಜಾತಿಯ ಮಾತು. ಕಲ್ಯಾಣದ ಹೆಸರೆತ್ತಿ ಈ ಮಾತನ್ನು ಬಿಟ್ಟರೆ ನಾವು ಕರ್ತವ್ಯಚ್ಯುತರಾಗುವೆವು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ರಾಜಧಾನಿಯಾಗಿದ್ದ ಈ ಊರಿನಲ್ಲಿ ಬಸವಣ್ಣನವರೂ ಅಲ್ಲಮಪ್ರಭುಗಳೂ ನಡೆಯಿಸಿದ ಅನುಭವ ಮಂಟಪವನ್ನು ಈಗ ಎಲ್ಲರೂ ಕೊಂಡಾಡುತ್ತಾರೆ. ಆ ಮಂಟಪದೊಳಗೆ ಬಂದವರು ತಮ್ಮ ಗುರುತನ್ನು ಬಾಗಿಲ ಹೊರಗೆ ಬಿಟ್ಟು ಬರಲಿಲ್ಲವೆಂಬದನ್ನು ಮಾತ್ರ ಹಲವರು ಮರೆಯುತ್ತಾರೆ. ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲರ ಹೆಸರಿನ ಮುಂದೆ ಅವರವರ ಹುಟ್ಟು ಅಥವಾ ಕಾಯಕವು ಬಹಿರಂಗವಾಗಿಯೇ ನಿಂತಿದೆ. ಯಾವ ಹೆಸರು ಊರಿನಲ್ಲಿ ಅವಮಾನದ್ದಾಗಿತ್ತೋ ಅದೇ ಹೆಸರು ಅಲ್ಲಿ ಗೌರವದ್ದಾಯಿತು. ಹುಟ್ಟಿನಿಂದ ಬ್ರಾಹ್ಮಣರಾದ ಬಸವಣ್ಣನವರು ತಮ್ಮ ಹುಟ್ಟಿನ ಹಿರಿಮೆಯನ್ನು ತಾವೇ ಪರೀಕ್ಷಿಸಿ ತಗ್ಗಿಸಿಕೊಂಡ ಮೇಲೆಯೇ ಆ ಬಾಗಿಲು ಎಲ್ಲರಿಗೂ ತೆರೆಯಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ಕಲ್ಯಾಣವು ತೆತ್ತ ಬೆಲೆಯನ್ನು ಪರಂಪರೆಯು ಹೇಳುತ್ತ ಬಂದಿದೆ. ಮೇಲೆ ಕುಳಿತವನು ಮೊದಲು ತನ್ನನ್ನು ಅರಿಯಬೇಕೆಂಬ ನಮ್ಮ ಮಾತಿಗೆ ಇದಕ್ಕಿಂತ ದೊಡ್ಡ ಆಧಾರವು ಬೇಕಿಲ್ಲ.

ಈ ಊರಿನದೇ ಆದ 'ದಾಸೋಹ'ವೆಂಬ ಮಾತನ್ನು ಸರಕಾರವು ಶಾಲೆಯ ಮಧ್ಯಾಹ್ನದ ಊಟಕ್ಕೆ ಕೊಟ್ಟಿದೆ. 2002ರಲ್ಲಿ 'ಅಕ್ಷರ ದಾಸೋಹ'ವು ಬೀದರವೂ ಸೇರಿದಂತೆ ಈಶಾನ್ಯದ ಏಳು ಜಿಲ್ಹೆಗಳಲ್ಲಿಯೇ ಮೊದಲು ಆರಂಭವಾಯಿತು. ಹಸಿದ ಮಗುವಿಗೆ ಅನ್ನವಿಕ್ಕುವ ಈ ಕಾರ್ಯವು ಸ್ತುತ್ಯವಾದದ್ದು. ಆದರೆ ದಾಸೋಹದ ಪಂಕ್ತಿಯಲ್ಲಿ ಕುಳ್ಳಿರುವ ಕ್ರಮವನ್ನೂ, ಅಡಿಗೆಯವಳು ಯಾರೆಂದು ಕೇಳುವ ಹಿರಿಯರ ಪಿಸುಮಾತನ್ನೂ, ನೀರಿನ ಕೊಡದ ಬಳಿ ಹಿಂಜರಿದು ನಿಂತ ಮಗುವನ್ನೂ ಗುರುತಿಸುವ ಕಣ್ಣು ಶಿಕ್ಷಕರಿಗೆ ಇರಬೇಕು. ವಿದ್ಯಾರ್ಥಿವೇತನದ ಕಾಗದಗಳನ್ನು ತುಂಬಿಸುವಾಗ ಇಡೀ ತರಗತಿಯ ಎದುರಿಗೆ 'ಇಂಥಿಂಥ ಜಾತಿಯವರು ಎದ್ದು ನಿಲ್ಲಿರಿ' ಎಂದು ಕೂಗುವದು ಎಷ್ಟೋ ಶಿಕ್ಷಕರಿಗೆ ಕೆಲಸದ ಸರಳ ಉಪಾಯವಾಗಿ ತೋರುತ್ತದೆ. ಎದ್ದು ನಿಂತ ಮಗುವಿನ ಮನಸ್ಸಿನಲ್ಲಿ ಆ ಕ್ಷಣವು ವರ್ಷಾನುವರ್ಷ ಉಳಿಯುವದು. ಡಾಕ್ಟರ ಅಂಬೇಡಕರರು ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದ ಮಾತುಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕುಳ್ಳಿರಲು ಮನೆಯಿಂದ ತಂದ ಗೋಣಿತಟ್ಟು, ನೀರು ಹಾಕುವ ಜವಾನನಿಲ್ಲದ ದಿನ ನೀರೇ ಇಲ್ಲ. ಆ ಶಾಲೆಯ ಶಿಕ್ಷಕರಲ್ಲಿ ಎಲ್ಲರೂ ಕ್ರೂರಿಗಳಾಗಿದ್ದರೆಂದು ತಿಳಿಯಬೇಕಾಗಿಲ್ಲ. ತಾವು ಯಾವ ಪದ್ಧತಿಯಲ್ಲಿ ಬೆಳೆದೆವೋ ಅದನ್ನು ಎಂದೂ ಪ್ರಶ್ನಿಸದವರಾಗಿದ್ದರೆ ಸಾಕು, ಅಷ್ಟರಿಂದಲೇ ಇದು ನಡೆಯುವದು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದನ್ನು ಸಂಕೋಚದಿಂದಲಾದರೂ ಹೇಳಲೇಬೇಕಾಗಿದೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರ ಕೈಯಿಂದ ನಡೆದ ನರಹತ್ಯೆಯನ್ನು ಇಲ್ಲಿಯ ಮನೆಗಳು ಮರೆತಿಲ್ಲ. ಅದೇ ವರ್ಷದ ಸೆಪ್ಟೆಂಬರದಲ್ಲಿ ಪೋಲೀಸ್ ಕಾರ್ಯಾಚರಣೆಯಾದ ಮೇಲೆ ಪ್ರತೀಕಾರದ ಹೆಸರಿನಲ್ಲಿ ನಿರಪರಾಧಿ ಮುಸಲ್ಮಾನರ ಮೇಲೆ ನಡೆದ ಹತ್ಯೆಗಳನ್ನು ಪಂಡಿತ ಸುಂದರಲಾಲರ ಸಮಿತಿಯು ವಿಚಾರಿಸಿ, ಹೆಚ್ಚು ನೊಂದ ನಾಲ್ಕು ಜಿಲ್ಹೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆ ವರದಿಯು ಬಹುಕಾಲ ಪ್ರಕಟವಾಗದೆ ಉಳಿಯಿತು. ಹೀಗೆ ಒಂದೇ ವರ್ಷದ ಎರಡು ಗಾಯಗಳು ಎರಡು ಬಗೆಯ ಮನೆಗಳಲ್ಲಿ ಎರಡು ಕಥೆಗಳಾಗಿ ಉಳಿದಿವೆ. ಶಿಕ್ಷಕನು ಈ ಎರಡರಲ್ಲಿ ಒಂದು ಕಥೆಯನ್ನು ಕೇಳಿ ಬೆಳೆದಿರುವನು. ಅವನೆದುರಿನ ತರಗತಿಯಲ್ಲಿ ಎರಡೂ ಬಗೆಯ ಮನೆಗಳ ಮಕ್ಕಳು ಕುಳಿತಿರುವರು. ಸೆಪ್ಟೆಂಬರ 17ರ ದಿನೋತ್ಸವವು ಬಂದಾಗ ಅವನ ಬಾಯಿಂದ ಬರುವ ಮಾತು ಒಂದು ಮಗುವಿನ ತಲೆಯನ್ನು ಎತ್ತುವದೋ, ಇನ್ನೊಂದು ಮಗುವಿನ ತಲೆಯನ್ನು ತಗ್ಗಿಸುವದೋ? ತಾನು ಕೇಳಿದ ಕಥೆಯು ನಿಜವಾಗಿದ್ದೂ ಪೂರ್ಣವಲ್ಲವೆಂದು ಬಲ್ಲ ಶಿಕ್ಷಕನು ಮಾತ್ರ ಇತಿಹಾಸವನ್ನು ಮುಚ್ಚದೆಯೂ ಮಕ್ಕಳನ್ನು ನೋಯಿಸದೆಯೂ ಹೇಳಬಲ್ಲನು. ಅಪರಾಧವು ಮಾಡಿದವರದು, ಅವರ ಹೆಸರಿನ ಮತದವರ ಮಕ್ಕಳದ್ದಲ್ಲವೆಂಬ ಒಂದು ವಾಕ್ಯವನ್ನು ಸ್ಪಷ್ಟವಾಗಿ ಹೇಳಿದರೂ ಅರ್ಧ ಕೆಲಸವಾದಂತೆ.

ಇದಕ್ಕೆ ಬೇಕಾದ ಹಳೆಯ ಬಂಡವಾಳವು ಈ ನೆಲದಲ್ಲಿಯೇ ಉಂಟು. 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಹುಮನಾಬಾದದ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಸಕಲಮತವೆಂಬ ಸಂಪ್ರದಾಯವನ್ನು ಸ್ಥಾಪಿಸಿದರು. ಒಂದೇ ಭಾಷೆಗೆ ಕಟ್ಟುಬೀಳದೆ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹಿಂದುಸ್ಥಾನಿಯಲ್ಲಿಯೂ ಪದಗಳನ್ನು ಹಾಡಿದರು. ಹಿಂದೂ-ಮುಸಲ್ಮಾನರಿಬ್ಬರೂ ಅವರ ಬಾಗಿಲಿಗೆ ನಡೆದರು. ದತ್ತಸಂಪ್ರದಾಯದ ತಮ್ಮ ನಿಷ್ಠೆಯನ್ನು ಅವರು ಬಿಟ್ಟವರಲ್ಲ. ಅದನ್ನು ಗಟ್ಟಿಯಾಗಿ ಹಿಡಿದೇ ಇತರರನ್ನು ಸ್ವಾಗತಿಸಿದರು.

ಈ ವಿಚಾರಕ್ಕೆ ಎದುರಾಗಿ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಶಾಲೆಯಲ್ಲಿ ಜಾತಿ-ಮತ-ಭಾಷೆಗಳ ಮಾತನ್ನೇ ಎತ್ತಬಾರದು, ಶಿಕ್ಷಕನು ಎಲ್ಲವನ್ನೂ ಮರೆತು ಕೇವಲ ಶಿಕ್ಷಕನಾಗಿರಬೇಕು, ಇಲ್ಲದಿದ್ದರೆ ಆರಿದ ಬೆಂಕಿಯನ್ನು ಕೆದಕಿದಂತಾಗುವದೆಂದು ಸಜ್ಜನರನೇಕರು ಹೇಳುವರು. ಅವರ ಉದ್ದೇಶವು ಒಳ್ಳೆಯದು. ಆದರೆ ಮರೆತೆನೆಂದು ಹೇಳಿದ ಮಾತ್ರಕ್ಕೆ ಮರೆತಂತಾಗುವದಿಲ್ಲ. ಬಾಯಿ ಮುಚ್ಚಿದರೆ ಅದು ಕೈಯಿಂದ ಮಾತನಾಡುವದು: ಯಾವ ಮಗುವಿನ ಬೆನ್ನು ತಟ್ಟಿದೆವು, ಯಾರ ಮನೆಯ ನೀರು ಕುಡಿದೆವು, ಕಸ ಗುಡಿಸಲು ಯಾರನ್ನು ಕಳಿಸಿದೆವು, ಸ್ವಾತಂತ್ರ್ಯದಿನದ ಭಾಷಣಕ್ಕೆ ಯಾರನ್ನು ಆರಿಸಿದೆವು ಎಂಬದರಲ್ಲಿ ಅದು ಹೊರಬೀಳುವದು. ಮಕ್ಕಳು ಅದನ್ನು ತಟ್ಟನೆ ಓದಿಕೊಳ್ಳುತ್ತಾರೆ. ಜಾತಿಯನ್ನು ಮೆರೆಸಬೇಕೆಂದು ನಾವು ಹೇಳುತ್ತಿಲ್ಲ. ತನ್ನೊಳಗೆ ಅದು ಎಲ್ಲಿ ಅಡಗಿದೆಯೆಂದು ಹುಡುಕಿ ತೆಗೆಯಬೇಕೆಂದು ಹೇಳುತ್ತಿದ್ದೇವೆ.

ಎರಡನೆಯ ಆಕ್ಷೇಪವು ಶಿಕ್ಷಕರದೇ. ಜನಗಣತಿ, ಚುನಾವಣೆ, ಊಟದ ಲೆಕ್ಕ, ದಿನಕ್ಕೊಂದು ಮಾಹಿತಿ ತುಂಬುವ ಕೆಲಸ ಇವುಗಳ ನಡುವೆ ಆತ್ಮವಿಚಾರಕ್ಕೆ ವೇಳೆಯೆಲ್ಲಿ? ಈ ದೂರು ನ್ಯಾಯವಾದದ್ದು; ಇದಕ್ಕೆ ಉತ್ತರ ಕೊಡಬೇಕಾದವರು ಸರಕಾರದವರು. ಹುದ್ದೆಗಳನ್ನು ಬರಿದಾಗಿ ಇಟ್ಟು, ಅತಿಥಿ ಶಿಕ್ಷಕರೆಂಬ ಹೆಸರಿನಿಂದ ವರ್ಷವರ್ಷವೂ ಅಲ್ಪ ಗೌರವಧನಕ್ಕೆ ದುಡಿಸಿಕೊಂಡು, ಮುಂದಿನ ವರ್ಷ ಇರುವೆನೋ ಇಲ್ಲವೋ ಎಂದು ತಿಳಿಯದ ತರುಣ ತರುಣಿಯರಿಂದ ಮಕ್ಕಳಿಗೆ ನೆಲೆಯ ಭಾವನೆಯನ್ನು ನಿರೀಕ್ಷಿಸುವದು ಹೇಗೆ? ತನಗೇ ಶಾಲೆಯಲ್ಲಿ ನೆಲೆಯಿಲ್ಲದವನು ಮಗುವಿಗೆ ಯಾವ ನೆಲೆಯನ್ನು ಕೊಟ್ಟಾನು? 2012ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371-ಜೆ ವಿಧಿಯು ಸೇರಿ, ಈ ಭಾಗದ ಸಿ ವೃಂದದ ಹುದ್ದೆಗಳಲ್ಲಿ ಪ್ರತಿಶತ 80 ಸ್ಥಳೀಯರಿಗೆ ಮೀಸಲಾದವು. ಇದರಿಂದ ಇಲ್ಲಿಯ ಮಕ್ಕಳಿಗೆ ಇಲ್ಲಿಯವರೇ ಶಿಕ್ಷಕರಾಗಿ ದೊರೆಯುವ ಮಾರ್ಗವು ತೆರೆದಿದೆ. ಆದರೆ ಸ್ಥಳೀಯನಾದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ಹತ್ತಿರದವನಾಗುವದಿಲ್ಲ. ಊರಿನ ಪ್ರೀತಿಯೊಡನೆ ಊರಿನ ಬೇಲಿಗಳನ್ನೂ ಅವನು ತರಬಹುದು. ದೂರದಿಂದ ಬಂದವರು ವರ್ಗಾವಣೆಯ ದಿನವನ್ನು ಎಣಿಸುತ್ತ ಕುಳಿತರೆ ಅದೂ ಮಕ್ಕಳಿಗೆ ತಿಳಿಯದೆ ಇರುವದಿಲ್ಲ. ಇಬ್ಬರಿಗೂ ಈ ವಿಚಾರವು ಬೇಕು.

ವಿಚಾರವು ಇಲಾಖೆಗೆ ತೀರ ಹೊಸದೇನೂ ಅಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಗಳ ಅನುಸಾರ ರೂಪುಗೊಂಡ ಎರಡು ವರ್ಷಗಳ ಬಿ.ಎಡ್. ಪಠ್ಯಕ್ರಮದಲ್ಲಿ ಶಿಕ್ಷಕನು ತನ್ನನ್ನು ತಾನು ಅರಿಯುವದಕ್ಕಾಗಿಯೇ ಒಂದು ವಿಷಯವನ್ನು ಇಟ್ಟಿದ್ದಾರೆ. ಕಾಗದದ ಮೇಲೆ ಇದು ಶ್ಲಾಘನೀಯ. ಆದರೆ ಅಂಕಗಳಿಗಾಗಿ ಒಂದು ದಾಖಲೆ ಪುಸ್ತಕವನ್ನು ಇನ್ನೊಬ್ಬರದರಿಂದ ನಕಲು ಮಾಡಿ ಒಪ್ಪಿಸಿದರೆ ಅದು ಆತ್ಮಪರಿಚಯವಾಗಲಾರದು. ನೌಕರಿ ಸೇರಿ ಹತ್ತಿಪ್ಪತ್ತು ವರ್ಷಗಳಾದವರಿಗಂತೂ ಈ ವಿಷಯದ ಗಾಳಿಯೂ ಸೋಕಿಲ್ಲ.

ಆದುದರಿಂದ ನಮ್ಮ ಸೂಚನೆಗಳನ್ನು ಕೆಳಗಿನಂತೆ ಮುಂದಿಡುತ್ತೇವೆ. ಮೊದಲನೆಯದಾಗಿ, ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಕೂಡುವ ಶಿಕ್ಷಕರ ಸಮಾಲೋಚನಾ ಸಭೆಯ ಒಂದು ತಾಸನ್ನು ಇದಕ್ಕಾಗಿಯೇ ತೆಗೆದಿಡಬೇಕು. ಆ ತಾಸಿನಲ್ಲಿ ಮೇಲಧಿಕಾರಿಗಳ ಭಾಷಣ ಬೇಡ, ವರದಿ ಬೇಡ, ಅಂಕ ಬೇಡ. ತಾನು ಶಾಲೆಯಲ್ಲಿದ್ದಾಗ ಯಾವ ಶಿಕ್ಷಕರ ಬಳಿ ತನಗೆ ಧೈರ್ಯವಾಗಿತ್ತು, ಯಾರ ಬಳಿ ಭಯವಾಗಿತ್ತು, ಏಕೆ ಎಂಬದನ್ನು ಪ್ರತಿಯೊಬ್ಬರೂ ಸಹೋದ್ಯೋಗಿಗಳ ಮುಂದೆ ಹೇಳಿಕೊಂಡರೆ ಸಾಕು. ಉಳಿದದ್ದು ತಾನಾಗಿಯೇ ಬರುವದು. ಅಲ್ಲಿ ಆಡಿದ ಮಾತು ಯಾರ ಸೇವಾ ಪುಸ್ತಕಕ್ಕೂ ಹೋಗದೆಂಬ ಭರವಸೆಯನ್ನು ಅಧಿಕಾರಿಗಳು ಕೊಡಬೇಕು. ಎರಡನೆಯದಾಗಿ, ಬೀದರದ ಜಿಲ್ಹಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಕನ್ನಡ, ಉರ್ದು, ಮರಾಠಿ ಶಾಲೆಗಳ ಶಿಕ್ಷಕರನ್ನು ಒಂದೇ ಕೋಣೆಯಲ್ಲಿ ಕೂಡಿಸಿ ತರಬೇತಿ ಕೊಡುವ ಕ್ರಮವನ್ನು ಬೆಳೆಸಬೇಕು. ಒಂದೇ ಬೀದಿಯಲ್ಲಿದ್ದೂ ಈ ಶಾಲೆಗಳವರು ಒಬ್ಬರನ್ನೊಬ್ಬರು ಅರಿಯದೆ ಇರುವದು ನಾಚಿಕೆಗೇಡು. ಮೂರನೆಯದಾಗಿ, ತಾಂಡಾದ ಮಕ್ಕಳಿರುವ ಶಾಲೆಯ ಶಿಕ್ಷಕರು ಗೋರ್‌ಬೋಲಿಯ ನೂರು ಮಾತುಗಳನ್ನಾದರೂ ಕಲಿಯಬೇಕು. ಕಲಿಯುವಾಗ ತಪ್ಪುವರು, ಮಕ್ಕಳು ನಗುವರು. ಆ ನಗೆಯಿಂದ ಶಿಕ್ಷಕನಿಗೆ ಆಗುವ ಲಾಭವು ಹತ್ತು ಉಪನ್ಯಾಸಗಳಿಂದಲೂ ಆಗದು. ನಾಲ್ಕನೆಯದಾಗಿ, ಜಾತಿಯ ಮಾಹಿತಿಯನ್ನು ಪಾಲಕರಿಂದ ಪ್ರತ್ಯೇಕವಾಗಿ ಪಡೆಯಬೇಕೇ ಹೊರತು ತರಗತಿಯಲ್ಲಿ ಕೂಗಬಾರದೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಖಂಡಿತವಾದ ಆಜ್ಞೆ ಮಾಡಬೇಕು. ಇವುಗಳಿಗೆ ಕೋಟಿಗಳ ಖರ್ಚಿಲ್ಲ. ಮನಸ್ಸಿನ ಖರ್ಚು ಮಾತ್ರ.

ಇಷ್ಟೆಲ್ಲ ಭಾಷೆಗಳಿಗೆ ಬಾಗಿಲು ತೆರೆದರೆ ಕನ್ನಡದ ಗತಿ ಏನೆಂದು ಕೇಳುವ ಅಭಿಮಾನಿಗಳಿಗೂ ಒಂದು ಮಾತು. ಕನ್ನಡದ ಹಕ್ಕಿನ ವಿಷಯದಲ್ಲಿ ನಾವು ಯಾರಿಗೂ ಹಿಂದುಳಿದವರಲ್ಲ. ರಾಜ್ಯದ ಪ್ರತಿಯೊಂದು ಶಾಲೆಯಲ್ಲಿಯೂ ಕನ್ನಡವನ್ನು ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ವಿಧಿಸಿದೆ. ಅದು ಗಡಿಯಲ್ಲಿ ಚೆನ್ನಾಗಿ ಜಾರಿಗೆ ಬರಬೇಕೆಂಬದೇ ನಮ್ಮ ಆಗ್ರಹವು. ಆದರೆ ಕಾಯಿದೆಯು ಕನ್ನಡವನ್ನು ಪಾಠಪಟ್ಟಿಯಲ್ಲಿ ಸೇರಿಸಬಲ್ಲದು, ಹೃದಯದಲ್ಲಿ ಸೇರಿಸಲಾರದು. ಉರ್ದುವನ್ನು ಹೇರಿದವರಿಂದ ನಮ್ಮ ಹಿರಿಯರಲ್ಲಿ ಆ ಭಾಷೆಯ ಬಗೆಗೆ ಪ್ರೀತಿಯು ಹುಟ್ಟಲಿಲ್ಲ, ಅದು ಅಷ್ಟು ಮಧುರವಾದ ಭಾಷೆಯಾಗಿದ್ದರೂ ಹುಟ್ಟಲಿಲ್ಲ. ತನ್ನ ಮನೆಯ ಮಾತನ್ನು ಆದರಿಸಿದ ಶಿಕ್ಷಕನ ಕನ್ನಡವನ್ನು ಮಗುವು ತಾನಾಗಿಯೇ ಪ್ರೀತಿಸುವದು. ಗಡಿಯನ್ನು ಕಾಯುವ ಕೋಟೆಯು ಅದೇ.

ಪಟ್ಟಣಗಳ ಮಹಾಜನರೂ ಈ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಮಕ್ಕಳನ್ನು ದುಬಾರಿ ಫೀಯ ಶಾಲೆಗಳಿಗೆ ಕಳಿಸಿ, ಸರಕಾರಿ ಶಾಲೆಯನ್ನು ಬಡವರಿಗೂ ತಾಂಡಾದವರಿಗೂ ಬಿಟ್ಟುಕೊಟ್ಟು, ಆಮೇಲೆ ಅಲ್ಲಿಯ ಶಿಕ್ಷಕರು ಹೀಗಿರಬೇಕು ಹಾಗಿರಬೇಕೆಂದು ಉಪದೇಶಿಸುವದು ಒಪ್ಪುವದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಗೋಡೆಗೆ ಸುಣ್ಣ ಬಳಿಸುವದಕ್ಕೂ ಕಾಮಗಾರಿಯ ಸಹಿಗೂ ಮಾತ್ರ ಇರುವವಲ್ಲ. ಶಿಕ್ಷಕನು ಪಂಕ್ತಿಭೇದವನ್ನು ಮುರಿದ ದಿನ ಊರಿನ ದೊಡ್ಡವರು ಅವನ ಬೆನ್ನಿಗೆ ನಿಲ್ಲುವರೋ, ಅವನ ವರ್ಗಾವಣೆಗಾಗಿ ಅರ್ಜಿ ಬರೆಯುವರೋ ಎಂಬದರ ಮೇಲೆ ಅವನ ಧೈರ್ಯವು ನಿಂತಿದೆ. ಶಿಕ್ಷಕನಿಗೆ ಆತ್ಮಪರೀಕ್ಷೆಯನ್ನು ಹೇಳುವವರು ಆ ಪರೀಕ್ಷೆಗೆ ತಾವೂ ಕುಳಿತುಕೊಳ್ಳಲಿ.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2024ರಲ್ಲಿ ಸರಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸಾರಿತು. ಎರಡೂ ಸಂತೋಷದ ಸಂಗತಿಗಳೇ. ಆದರೆ ಬಂದವರನ್ನು ಯಾರವರೆಂದು ಕೇಳಿ ದೂರವಿಡದೆ ತಮ್ಮವರೆಂದು ಎಣಿಸಿದ ಮಹಾಪುರುಷರಿಗೆ ಸಲ್ಲಬೇಕಾದ ಗೌರವವು ಕಲ್ಲಿನ ಕಟ್ಟಡದಲ್ಲಿ ಮಾತ್ರ ಮುಗಿಯುವದಿಲ್ಲ. ಬಸವಕಲ್ಯಾಣ-ಹುಮನಾಬಾದಗಳ ಒಂದೊಂದು ಹಳ್ಳಿಯ ಶಾಲೆಯಲ್ಲಿಯೂ ಮುಂಜಾನೆ ಹಾಜರಿ ಕೂಗುವ ಹೊತ್ತಿಗೆ ಆ ಮಂಟಪವು ಒಂದೋ ಕಟ್ಟಲ್ಪಡುವದು, ಇಲ್ಲವೆ ಕೆಡವಲ್ಪಡುವದು. ಕಟ್ಟುವ ಕೈಗಳು ಶಿಕ್ಷಕರವು. ಆ ಕೈಗಳು ತಮ್ಮ ಬಲವನ್ನೂ ತಮ್ಮ ಮೇಲಿನ ಕಲೆಗಳನ್ನೂ ಅರಿತುಕೊಳ್ಳಲೆಂದೂ, ಅರಿತುಕೊಳ್ಳಲು ಬೇಕಾದ ಬಿಡುವನ್ನೂ ಮರ್ಯಾದೆಯನ್ನೂ ಸರಕಾರವೂ ಸಮಾಜವೂ ಅವರಿಗೆ ಕೊಡಲೆಂದೂ ನಾವು ಆಗ್ರಹಪೂರ್ವಕವಾಗಿ ಹೇಳುತ್ತೇವೆ.